ವರ್ಟಿಕಲ್ ಪಂಪ್ ಮೋಟಾರಿನ ಥ್ರಸ್ಟ್ ಬೇರಿಂಗ್ 14 ತಿಂಗಳಲ್ಲಿ ಮೂರನೇ ಸಲ ಹೋಯಿತು, ದೊಡ್ಡ ಸೈಜ್ ಹಾಕಿಬಿಡಲೇ?

ಪಂಪ್‌ಮನೆ ರಾತ್ರಿಪಾಳಿ:
ಎಲ್ಲರಿಗೂ ನಮಸ್ಕಾರ. ವರ್ಷದಿಂದ ಇಲ್ಲಿ ಓದಿಕೊಂಡು ಹೋಗುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಮಾಹಿತಿ ಬಿಟ್ಟುಹೋಗಿದ್ದರೆ ಕೇಳಿ.

ಕೂಲಿಂಗ್ ವಾಟರ್‌ಗೆ ಒಂದು ವರ್ಟಿಕಲ್ ಟರ್ಬೈನ್ ಪಂಪ್ ಇದೆ. ಮೋಟಾರ್ 1485 ಆರ್‌ಪಿಎಂ, ರಿಜಿಡ್ ಕಪ್ಲಿಂಗ್. ಪಂಪಿನ ನೂಕು ಪೂರ್ತಿ ಮೋಟಾರಿನ ಮೇಲ್ತುದಿಯ ಥ್ರಸ್ಟ್ ಬೇರಿಂಗ್ (ಶಾಫ್ಟಿನ ಉದ್ದದ ದಿಕ್ಕಿನ ಹೊರೆ ಹೊರುವ ಬೇರಿಂಗ್) ಮೇಲೆ ಬೀಳುತ್ತದೆ. ಬೇರಿಂಗ್ 29420, ಸ್ಫೆರಿಕಲ್ ರೋಲರ್ ಥ್ರಸ್ಟ್, 100 × 210 × 67 ಮಿ.ಮೀ., ಆಯಿಲ್ ಬಾತ್. ಪಂಪಿನ ಡೇಟಾ ಶೀಟ್ ಪ್ರಕಾರ ಓಡುವಾಗ ಕೆಳಮುಖ ನೂಕು 45 ಕಿಲೋನ್ಯೂಟನ್. ತಿರುಗುವ ಭಾಗಗಳೆಲ್ಲ ಸೇರಿ ತೂಕ ಸುಮಾರು 900 ಕೆಜಿ.

ಮೊದಲ ಬೇರಿಂಗ್ 7 ವರ್ಷ ಓಡಿತು. ಆಮೇಲೆ ಮೋಟಾರ್ ಸುಟ್ಟು ರಿವೈಂಡಿಂಗ್‌ಗೆ ಹೋಗಿ ಬಂತು. ಅಲ್ಲಿಂದ ಈಚೆಗೆ 14 ತಿಂಗಳಲ್ಲಿ ಮೂರು ಬೇರಿಂಗ್ ಹೋಗಿವೆ. ಹೊಸದು ಹಾಕಿದಾಗ ಎಣ್ಣೆಯ ಉಷ್ಣತೆ 68 ಡಿಗ್ರಿ. ಎರಡು ಮೂರು ತಿಂಗಳಾದ ಮೇಲೆ ಎಣ್ಣೆ ಕಪ್ಪಾಗುತ್ತದೆ, ಉಷ್ಣತೆ 84ಕ್ಕೆ ಏರುತ್ತದೆ, ಕೊನೆಗೆ ಸದ್ದು. ಇನ್ನೊಂದು ವಿಷಯ: ಪ್ರತಿ ಸಲ ಸ್ಟಾರ್ಟ್ ಮಾಡಿದಾಗ ಮೊದಲ ಇಪ್ಪತ್ತು ಮೂವತ್ತು ಸೆಕೆಂಡ್ ಮೇಲಿನಿಂದ ಗರಗರ ಅನ್ನುತ್ತದೆ, ಆಮೇಲೆ ಸದ್ದು ನಿಲ್ಲುತ್ತದೆ.

ಮೇಲಿನವರು ಹೌಸಿಂಗ್ (ಬೇರಿಂಗ್ ಕೂರುವ ಗೂಡು) ಬೋರ್ ಮಾಡಿಸಿ ಅಗಲಿಸಿ, ದೊಡ್ಡ ಸೈಜಿನ 29424 ಕೂರಿಸೋಣ ಎನ್ನುತ್ತಿದ್ದಾರೆ. ಯಾರಾದರೂ ಹೀಗೆ ಮಾಡಿದ್ದೀರಾ?

ಸ್ಪ್ಯಾನರ್ ಸರದಾರ:
ಮಾಡಿಸಿ, ಯೋಚನೆ ಬೇಡ. ಮೂರು ಸಲ ಹೋಗಿದೆ ಅಂದರೆ ಹೊರೆ ತಡೆಯುತ್ತಿಲ್ಲ ಅಂತಲೇ. ಒಂದು ಸೈಜ್ ಮೇಲಕ್ಕೆ ಹೋಗಿ, ಎಣ್ಣೆಯನ್ನೂ ಒಂದು ಗ್ರೇಡ್ ದಪ್ಪ ಮಾಡಿ. ನನ್ನ ಅನುಭವದಲ್ಲಿ ದೊಡ್ಡ ಬೇರಿಂಗ್ ಹಾಕಿ ಕೆಟ್ಟವರಿಲ್ಲ.

ಹಳೇ ಫಿಟ್ಟರ್:
ಸರದಾರರೇ, ಕೆಟ್ಟವರನ್ನು ನಾನು ನೋಡಿದ್ದೇನೆ. ಆ ಮಾತು ಆಮೇಲೆ.

ರಾತ್ರಿಪಾಳಿ ತಮ್ಮಾ, ಬಿಚ್ಚಿದ ಮೂರು ಬೇರಿಂಗ್ ಎಲ್ಲಿವೆ? ಗುಜರಿಗೆ ಹಾಕಿಬಿಟ್ಟಿದ್ದರೆ ಕಷ್ಟ. ಇದ್ದರೆ ಒಂದನ್ನು ಸೀಮೆಎಣ್ಣೆಯಲ್ಲಿ ತೊಳೆದು, ರೋಲರ್ ಮೈ ಮತ್ತು ಎರಡೂ ವಾಷರ್‌ಗಳ (ಶಾಫ್ಟ್ ಜೊತೆ ತಿರುಗುವ ಬಳೆ, ಹೌಸಿಂಗಿನಲ್ಲಿ ನಿಂತಿರುವ ಬಳೆ) ಓಟದ ಜಾಡನ್ನು ಓರೆ ಬೆಳಕಿನಲ್ಲಿ ನೋಡು. ಜಾಡಿನಲ್ಲಿ ಚಕ್ಕೆ ಎದ್ದು ಗುಳಿ ಬಿದ್ದು, ಗುಳಿಯ ತಳ ಒರಟಾಗಿದ್ದರೆ ಅದು ದಣಿವು. ಹೊರೆ ಹೆಚ್ಚಾಯಿತೋ ಆಯುಸ್ಸು ಮುಗಿಯಿತೋ ಎಂದು ಅಲ್ಲಿಂದ ಮುಂದೆ ಹುಡುಕಬೇಕು. ರೋಲರ್‌ಗಳ ನಡುವಿನ ಅಂತರದಲ್ಲೇ ಸರಿಯಾಗಿ ಸಾಲು ತಗ್ಗುಗಳಿದ್ದರೆ, ನಿಂತ ಮೋಟಾರ್ ಪಕ್ಕದ ಯಂತ್ರದ ಅದುರಿಗೆ ತಿಂದುಕೊಂಡದ್ದು. ಬಟ್ಟೆ ಒಗೆಯುವ ಹಲಗೆಯ ಹಾಗೆ ಏರಿಳಿತದ ಗೆರೆಗಳಿದ್ದರೆ ಶಾಫ್ಟ್ ಕರೆಂಟ್ (ಶಾಫ್ಟಿನಿಂದ ಬೇರಿಂಗ್ ಮೂಲಕ ಹರಿಯುವ ವಿದ್ಯುತ್), ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ) ಇರುವಲ್ಲಿ ಮೊದಲು ಇದನ್ನೇ ಅನುಮಾನಿಸಬೇಕು. ಹೊಳಪು ಸತ್ತು, ಲೋಹ ಒರೆಸಿ ಎಳೆದ ಹಾಗೆ ಮಂಕಾದ ಪಟ್ಟೆಗಳಿದ್ದರೆ ಅದರ ಕತೆಯೇ ಬೇರೆ.

ನೋಡಿ ಹೇಳು. ಅಲ್ಲಿಯವರೆಗೆ ಬೋರಿಂಗ್ ಮಷೀನ್ ಹತ್ತಿರ ಹೋಗಬೇಡ.

ಡ್ರಾಯಿಂಗ್‌ಬೋರ್ಡ್:
ಫಿಟ್ಟರ್ ಸರ್ ಜಾಡು ನೋಡಲಿ, ನಾನು ಲೆಕ್ಕ ನೋಡುತ್ತೇನೆ. 29420ರ ಡೈನಾಮಿಕ್ ಸಾಮರ್ಥ್ಯ (ಆಯುಸ್ಸಿನ ಲೆಕ್ಕಕ್ಕೆ ಕ್ಯಾಟಲಾಗ್ ಕೊಡುವ ಹೊರೆಯ ಅಂಕಿ) ಸುಮಾರು 980 ಕಿಲೋನ್ಯೂಟನ್. ನೂಕು 45, ತೂಕ ಸುಮಾರು 9, ಒಟ್ಟು 54. ಸಾಮರ್ಥ್ಯ ಹೊರೆಯ 18 ಪಟ್ಟು ಇದೆ. ರೋಲರ್ ಬೇರಿಂಗಿಗೆ ಈ ಅನುಪಾತವನ್ನು ಮೂರೂ ಮೂರನೇ ಒಂದರ ಘಾತಕ್ಕೆ ಏರಿಸಿದರೆ ಸುಮಾರು 15,000 ದಶಲಕ್ಷ ಸುತ್ತು ಬರುತ್ತದೆ. 1485 ಆರ್‌ಪಿಎಂಗೆ ಅದು ಒಂದೂವರೆ ಲಕ್ಷ ಗಂಟೆಗೂ ಹೆಚ್ಚು.

ನಿಮ್ಮದು ಮೂರು ನಾಲ್ಕು ಸಾವಿರ ಗಂಟೆಗೆ ಹೋಗುತ್ತಿದೆ. ನಿಜವಾಗಿ ಹೊರೆ ಹೆಚ್ಚಾಗಿ ಹೋಗಬೇಕಿದ್ದರೆ ಎಷ್ಟು ಬೇಕು ನೋಡಿ. ಹೊರೆ ದುಪ್ಪಟ್ಟಾದರೆ ರೋಲರ್ ಬೇರಿಂಗ್ ಆಯುಸ್ಸು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಲ್ಲಿ ಇಳಿದಿರುವುದು ನಲವತ್ತರಲ್ಲಿ ಒಂದಕ್ಕೆ. ಅಂದರೆ ಹೊರೆ ಮೂರು ಪಟ್ಟು ಆಗಿರಬೇಕು, 160 ಕಿಲೋನ್ಯೂಟನ್! ಅಷ್ಟು ನೂಕು ಆ ಪಂಪಿನಿಂದ ಬರಲು ದಾರಿಯೇ ಇಲ್ಲ. ಬೇರಿಂಗ್ ಚಿಕ್ಕದು ಎಂಬ ವಾದ ಇಲ್ಲಿಗೇ ಬಿತ್ತು.

ಹೊಸಬ ಡಿಪ್ಲೊಮಾ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಥ್ರಸ್ಟ್ ಬೇರಿಂಗ್ ಎಂದರೆ ನನಗೆ ಗೊತ್ತಿರುವುದು 511 ಸೀರೀಸ್‌ನ ಬಾಲ್ ಥ್ರಸ್ಟ್ ಮಾತ್ರ. ಇಲ್ಲಿ ಅದನ್ನೇಕೆ ಹಾಕುವುದಿಲ್ಲ? ಅಗ್ಗವಾಗಿಯೂ ಇರುತ್ತದಲ್ಲ.

ಡ್ರಾಯಿಂಗ್‌ಬೋರ್ಡ್:
ಒಳ್ಳೆಯ ಪ್ರಶ್ನೆ, ಕ್ಷಮೆ ಏಕೆ?

ಬಾಲ್ ಥ್ರಸ್ಟ್ ಅಕ್ಷದ ದಿಕ್ಕಿನ ಹೊರೆ ಬಿಟ್ಟರೆ ಬೇರೇನನ್ನೂ ಹೊರುವುದಿಲ್ಲ. ಶಾಫ್ಟ್ ಕೊಂಚ ಓರೆಯಾದರೂ ಕೆಲವೇ ಗೋಲಿಗಳ ಮೇಲೆ ಪೂರ್ತಿ ಭಾರ. ವೇಗ ಹೆಚ್ಚಿದರೆ ಗೋಲಿಗಳು ಹೊರಕ್ಕೆ ನುಗ್ಗಿ ಉರುಳುವ ಬದಲು ಉಜ್ಜತೊಡಗುತ್ತವೆ. ಕ್ರೇನ್ ಹುಕ್, ವಾಲ್ವ್ ಸ್ಪಿಂಡಲ್, ಜ್ಯಾಕ್ ಇಂಥ ನಿಧಾನದ ಕೆಲಸಕ್ಕೆ ಚೆನ್ನ. 811, 812 ಸೀರೀಸ್‌ನ ಸಿಲಿಂಡ್ರಿಕಲ್ ರೋಲರ್ ಥ್ರಸ್ಟ್ ಹೊರೆ ಚೆನ್ನಾಗಿ ಹೊರುತ್ತದೆ, ಬಹಳ ಗಟ್ಟಿ. ಆದರೆ ರೋಲರಿನ ಹೊರತುದಿ ಓಡಬೇಕಾದ ದಾರಿ ಉದ್ದ, ಒಳತುದಿಯದು ಗಿಡ್ಡ. ರೋಲರ್ ಒಂದೇ ದಪ್ಪ ಇರುವುದರಿಂದ ಎರಡೂ ತುದಿಯಲ್ಲಿ ಜಾರಲೇಬೇಕು. ಅದಕ್ಕೇ ಒಂದು ಉದ್ದ ರೋಲರಿನ ಜಾಗದಲ್ಲಿ ಎರಡು ಮೂರು ಗಿಡ್ಡ ರೋಲರ್‌ಗಳನ್ನು ಸಾಲಾಗಿ ಇಡುತ್ತಾರೆ.

ಸ್ಫೆರಿಕಲ್ ರೋಲರ್ ಥ್ರಸ್ಟಿನಲ್ಲಿ ರೋಲರ್‌ಗಳು ಪೀಪಾಯಿಯ ಹಾಗೆ, ಅದೂ ಒಂದು ಕಡೆ ದಪ್ಪ. ಓರೆಯಾಗಿ ಕೂರುತ್ತವೆ. ಹೌಸಿಂಗ್ ವಾಷರಿನ ಜಾಡು ಗೋಳದ ತುಣುಕು. ಹಾಗಾಗಿ ಎರಡು ಮೂರು ಡಿಗ್ರಿ ಓರೆಯನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ, ಅಕ್ಷೀಯ ಹೊರೆಯ ಶೇಕಡಾ 55ರಷ್ಟು ರೇಡಿಯಲ್ (ಪಕ್ಕದಿಂದ ಬೀಳುವ) ಹೊರೆಯನ್ನೂ ಹೊರುತ್ತದೆ. ಉದ್ದ ಶಾಫ್ಟಿನ ವರ್ಟಿಕಲ್ ಯಂತ್ರಕ್ಕೆ ಇದಕ್ಕಿಂತ ಹೊಂದುವುದು ಸಿಗುವುದು ಕಷ್ಟ. ಒಂದು ಹಟ ಮಾತ್ರ ಇದೆ ಇದಕ್ಕೆ. ಫಿಟ್ಟರ್ ಸರ್ ಅಲ್ಲಿಗೇ ಬರುತ್ತಿದ್ದಾರೆ ಅನ್ನಿಸುತ್ತಿದೆ, ನಾನು ಹೇಳಿ ಕೆಡಿಸುವುದಿಲ್ಲ.

ಬಾಲ್ ಥ್ರಸ್ಟ್ ಎಂದಾಗ ಒಂದು ನೆನಪಾಯಿತು. ಅದರ ಎರಡು ವಾಷರ್‌ಗಳು ನೋಡಲು ಒಂದೇ ಥರ, ಆದರೆ ಒಂದಲ್ಲ. 51120ರಲ್ಲಿ ಶಾಫ್ಟ್ ವಾಷರಿನ ತೂತು 100 ಮಿ.ಮೀ., ಹೌಸಿಂಗ್ ವಾಷರಿನದು 102. ಅದಲುಬದಲು ಹಾಕಿದರೆ ನಿಂತಿರಬೇಕಾದ ವಾಷರ್ ಶಾಫ್ಟ್ ಜೊತೆ ಹೌಸಿಂಗಿನಲ್ಲಿ ತಿರುಗುತ್ತದೆ. ಜೋಡಿಸುವ ಮೊದಲು ಕ್ಯಾಲಿಪರ್ ಹಿಡಿಯಿರಿ.

ಹೊಸಬ ಡಿಪ್ಲೊಮಾ:
ಅಯ್ಯೋ ಮೇಡಂ, ಹೋದ ತಿಂಗಳು ನಾವು ಮಾಡಿದ್ದು ಅದೇ. ಶಾಫ್ಟ್ ಸೊರಗಿತ್ತು, ಬೇರಿಂಗ್ ಸರಿಯಿಲ್ಲ ಎಂದು ವಾಪಸ್ ಕಳಿಸಿದ್ದೆವು.

ಪಂಪ್‌ಮನೆ ರಾತ್ರಿಪಾಳಿ:
ಅಣ್ಣಾ, ಮೂರರಲ್ಲಿ ಎರಡು ಸಿಕ್ಕವು. ತೊಳೆದು ಟಾರ್ಚ್ ಓರೆ ಹಿಡಿದು ನೋಡಿದೆ. ಚಕ್ಕೆ ಎದ್ದಿಲ್ಲ, ಗುಳಿ ಇಲ್ಲ. ರೋಲರ್‌ಗಳ ಮೈ ಬೂದು ಬಣ್ಣಕ್ಕೆ ತಿರುಗಿದೆ, ಉಗುರು ಆಡಿಸಿದರೆ ತರಿತರಿ. ಶಾಫ್ಟ್ ವಾಷರಿನ ಜಾಡಿನಲ್ಲಿ ಅಲ್ಲಲ್ಲಿ ಒರೆಸಿದಂತೆ ಮಂಕು ಪಟ್ಟೆ. ಎರಡರಲ್ಲೂ ಹೀಗೇ. ರೋಲರ್‌ಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ ಹಿತ್ತಾಳೆ ಕೇಜಿನ ಕಿಂಡಿಗಳು ಒಂದು ಪಕ್ಕ ತಿಂದುಕೊಂಡಿವೆ. ಎಣ್ಣೆ ಕಪ್ಪಾದದ್ದು ಅದರ ಪುಡಿಗೇ ಇರಬೇಕು.

ಹಳೇ ಫಿಟ್ಟರ್:
ಅದೇ ಅಂದುಕೊಂಡೆ. ಆ ಬೇರಿಂಗ್ ಮೇಲೆ ಹೊರೆ ಹೆಚ್ಚಾಗಿಲ್ಲ ತಮ್ಮಾ, ಹೊರೆ ಸಾಲದೆ ಹೋಗಿದೆ.

ಇದನ್ನು ಒಪ್ಪಿಸಲು ನನಗೆ ಪ್ರತಿ ಸಲ ಅರ್ಧ ದಿನ ಬೇಕಾಗುತ್ತದೆ. ರೋಲರ್ ಉರುಳಬೇಕಾದರೆ ಅದನ್ನು ಎರಡೂ ವಾಷರ್ ಒತ್ತಿ ಹಿಡಿದಿರಬೇಕು. ಒತ್ತಡ ಬಿಟ್ಟರೆ ಶಾಫ್ಟ್ ವಾಷರ್ 1485ರಲ್ಲಿ ತಿರುಗುತ್ತದೆ, ರೋಲರ್ ಮಾತ್ರ ಕೇಜ್ ಜೊತೆ ಸುಮ್ಮನೆ ತೇಲುತ್ತದೆ. ಮರುಕ್ಷಣ ಹೊರೆ ಬಂದು ಕೂತಾಗ ಅದು ಒಮ್ಮೆಲೇ ವೇಗ ಹಿಡಿಯಬೇಕು. ಆ ಎಳೆತದಲ್ಲಿ ಎಣ್ಣೆ ಪದರ ಹರಿದು ಲೋಹ ಲೋಹಕ್ಕೆ ಒರೆಸಿಕೊಳ್ಳುತ್ತದೆ. ಓಡುತ್ತಿರುವ ಗಾಡಿಯ ಬ್ರೇಕ್ ಕಚ್ಚಿದಾಗ ಟೈರ್ ರಸ್ತೆಗೆ ಕಪ್ಪು ಬಳಿಯುತ್ತದಲ್ಲ, ಅದರ ತಿರುವುಮುರುವು. ನೀನು ಹೇಳಿದ ಬೂದು ತರಿ ಅದೇ.

ನಿನ್ನ ಮೊದಲ ಪೋಸ್ಟಿನಲ್ಲೇ ಉತ್ತರ ಇತ್ತು. ಸ್ಟಾರ್ಟ್ ಆದ ಇಪ್ಪತ್ತು ಮೂವತ್ತು ಸೆಕೆಂಡ್ ಗರಗರ. ಎರಡು ಪ್ರಶ್ನೆ. ಒಂದು, ಸ್ಟಾರ್ಟ್ ಮಾಡುವಾಗ ಡಿಸ್ಚಾರ್ಜ್ ವಾಲ್ವ್ ಎಷ್ಟು ತೆರೆದಿರುತ್ತದೆ? ಎರಡು, ಹೌಸಿಂಗ್ ವಾಷರಿನ ಕೆಳಗೆ ಸ್ಪ್ರಿಂಗ್‌ಗಳಿವೆಯೇ?

ಸ್ಪ್ಯಾನರ್ ಸರದಾರ:
ಫಿಟ್ಟರ್ ಸರ್, ನಿಮ್ಮ ಮೇಲೆ ಗೌರವ ಇದೆ, ಆದರೆ ಇದು ಸ್ವಲ್ಪ ಜಾಸ್ತಿಯಾಯಿತು. 900 ಕೆಜಿ ತೂಕ ಯಾವಾಗಲೂ ಮೇಲೆ ಕೂತಿದೆ. ತೂಕ ಎಲ್ಲಿಗೆ ಹೋಗುತ್ತದೆ? ಹೊರೆ ಕಡಿಮೆಯಾಗಿ ಬೇರಿಂಗ್ ಕೆಡುವುದಾದರೆ ಗೋಡೌನಿನಲ್ಲಿ ಇಟ್ಟದ್ದೂ ಕೆಡಬೇಕಲ್ಲ.

ಡ್ರಾಯಿಂಗ್‌ಬೋರ್ಡ್:
ಗೋಡೌನಿನಲ್ಲಿ ಅದು ತಿರುಗುವುದಿಲ್ಲ ಸರದಾರರೇ :)

ಲೆಕ್ಕ ಇಡುತ್ತೇನೆ. ನಾನು ಮೇಲೆ ಹೇಳಿದ ಹಟ ಇದೇ, ಕನಿಷ್ಠ ಹೊರೆ, ಅಂದರೆ ರೋಲರ್ ಜಾರದೆ ಉರುಳಲು ಬೇಕಾದಷ್ಟು. ರೇಡಿಯಲ್ ಹೊರೆಯ 1.8 ಪಟ್ಟು, ಅದರ ಮೇಲೆ ವೇಗದ ವರ್ಗದ ಜೊತೆ ಬೆಳೆಯುವ ಇನ್ನೊಂದು ಪಾಲು. ಈ ಎರಡನೆಯದಕ್ಕೆ ಕ್ಯಾಟಲಾಗಿನಲ್ಲಿ ಪ್ರತಿ ಬೇರಿಂಗಿಗೂ ಒಂದು ಗುಣಾಂಕ ಕೊಟ್ಟಿರುತ್ತಾರೆ. ಇಲ್ಲಿ ರೇಡಿಯಲ್ ಹೊರೆ 3 ಕಿಲೋನ್ಯೂಟನ್ ಎಂದು ಹಿಡಿಯೋಣ. 5.4 ಆಯಿತು. 1485ರ ವೇಗಕ್ಕೆ ಸುಮಾರು 1.9 ಸೇರಿಸಿದರೆ 7.3. ತಿರುಗುವ ಭಾಗಗಳ ತೂಕ 8.8. ಅಂದರೆ ತೂಕವೊಂದೇ ಇದ್ದಾಗ ಬೇರಿಂಗ್ ಹೇಗೋ ದಡದಲ್ಲಿದೆ. ಕೆಳಗಿನಿಂದ 2 ಕಿಲೋನ್ಯೂಟನ್ ಮೇಲಕ್ಕೆ ನೂಕಿದರೂ ನೀರಿಗೆ ಬಿತ್ತು.

ಈಗ ದೊಡ್ಡ ಸೈಜಿನ ಮಾತು. 29424ರಲ್ಲಿ ರೋಲರ್‌ಗಳು ಭಾರ, ವ್ಯಾಸ ಹೆಚ್ಚು. ಆ ವೇಗದ ಗುಣಾಂಕ ಸುಮಾರು ಎರಡು ಪಟ್ಟಾಗುತ್ತದೆ. 5.4 ಮತ್ತು 4, ಒಟ್ಟು 9.4. ತೂಕಕ್ಕಿಂತ ಜಾಸ್ತಿ! ನೂಕು ಬರುವವರೆಗೆ ಪ್ರತಿ ಸ್ಟಾರ್ಟಿನಲ್ಲೂ ಅದು ಜಾರಿಕೊಂಡೇ ಇರುತ್ತದೆ. ಬೋರಿಂಗ್ ಮಾಡಿಸಿದ ಮೇಲೆ ವಾಪಸ್ ಬರಲೂ ಆಗುವುದಿಲ್ಲ.

ಹೊಸಬ ಡಿಪ್ಲೊಮಾ:
ಆದರೆ ಮೇಲಕ್ಕೆ ನೂಕುವುದು ಯಾರು? ಪಂಪ್ ನೀರನ್ನು ಮೇಲಕ್ಕೆ ತಳ್ಳಿದರೆ ಪ್ರತಿಬಲ ಕೆಳಕ್ಕೇ ಅಲ್ಲವೇ?

ಹಳೇ ಫಿಟ್ಟರ್:
ಓಡುವ ಪಂಪಿನಲ್ಲಿ ಹೌದು. ಇಂಪೆಲ್ಲರಿನ (ನೀರು ತಳ್ಳುವ ಚಕ್ರ) ಮೇಲ್ಮೈ ಮೇಲೆ ಡಿಸ್ಚಾರ್ಜ್ ಒತ್ತಡ, ಕೆಳಗೆ ಸಕ್ಷನ್ ಒತ್ತಡ. ವ್ಯತ್ಯಾಸ ಕೆಳಕ್ಕೆ ಒತ್ತುತ್ತದೆ, ರಾತ್ರಿಪಾಳಿ ಹೇಳಿದ 45 ಅದೇ. ಅದರ ಜೊತೆಗೇ ಇನ್ನೊಂದು ಬಲ ಇದೆ. ಕೆಳಗಿನಿಂದ ನೇರ ಮೇಲೆ ಬರುವ ನೀರನ್ನು ಇಂಪೆಲ್ಲರ್ ಪಕ್ಕಕ್ಕೆ ತಿರುಗಿಸುತ್ತದೆ. ಆ ನೀರು ಬಂದು ಗುದ್ದುವ ಬಲ ಮೇಲ್ಮುಖ, ಹರಿವು ಹೆಚ್ಚಿದಷ್ಟೂ ಹೆಚ್ಚು. ಮಾಮೂಲಿ ದಿನ ಒತ್ತಡದ ಮುಂದೆ ಅದು ಲೆಕ್ಕಕ್ಕಿಲ್ಲ. ಸ್ಟಾರ್ಟಿನಲ್ಲಿ ಕಾಲಮ್ ಪೈಪ್ ಖಾಲಿ, ಮುಂದೆ ಎದುರೊತ್ತಡವೇ ಇಲ್ಲ, ಹರಿವು ಮಾತ್ರ ಹುಚ್ಚಾಪಟ್ಟೆ. ಆಗ ಆ ಸಣ್ಣ ಬಲವೇ ಯಜಮಾನ. ರೋಟರ್ ಪೂರ್ತಿ ಎದ್ದು ನಿಲ್ಲುತ್ತದೆ. ಕಾಲಮ್ ತುಂಬಿ ಒತ್ತಡ ಬಂದ ಮೇಲೆ ದಡ್ ಅಂತ ಕೂರುತ್ತದೆ.

ವರ್ಟಿಕಲ್ ಮೋಟಾರ್ ಮಾಡುವವರಿಗೆ ಇದು ಗೊತ್ತಿರುವ ವಿಷಯ. ಕೆಳಮುಖ ನೂಕಿನ ಶೇಕಡಾ 30ರಷ್ಟು ಕ್ಷಣಿಕ ಮೇಲ್ನೂಕನ್ನು ಗೈಡ್ ಬೇರಿಂಗ್ (ಶಾಫ್ಟ್ ಪಕ್ಕಕ್ಕೆ ವಾಲದಂತೆ ಹಿಡಿಯುವ ಇನ್ನೊಂದು ಬೇರಿಂಗ್) ತಡೆಯುವಂತೆ ಮಾಡುವುದು ವಾಡಿಕೆ. ಸ್ಫೆರಿಕಲ್ ರೋಲರ್ ಇದ್ದರೆ ಹೌಸಿಂಗ್ ವಾಷರಿನ ಕೆಳಗೆ ಸುತ್ತ ಸ್ಪ್ರಿಂಗ್ ಇಡುತ್ತಾರೆ. ರೋಟರ್ ಎದ್ದಾಗ ಸ್ಪ್ರಿಂಗ್‌ಗಳು ಹೌಸಿಂಗ್ ವಾಷರನ್ನೂ ಅದರ ಹಿಂದೆಯೇ ಎತ್ತಿ, ರೋಲರ್ ಮೇಲಿನ ಒತ್ತಡ ಬಿಡದಂತೆ ನೋಡಿಕೊಳ್ಳುತ್ತವೆ. ಅದಕ್ಕೇ ಕೇಳಿದ್ದು, ಸ್ಪ್ರಿಂಗ್ ಇವೆಯೇ?

ಕಂಪ್ರೆಸರ್ ಕಿವಿ:
ಪಂಪಿನವರ ಮಧ್ಯೆ ನನ್ನದೊಂದು. ಬೇರೆ ಎಳೆ ತೆರೆಯಬೇಕಿತ್ತೋ ಏನೋ, ಆದರೆ ಬಲ್ಲವರೆಲ್ಲ ಇಲ್ಲೇ ಸೇರಿದ್ದಾರೆ. ನಮ್ಮ ಸೆಂಟ್ರಿಫ್ಯೂಗಲ್ ಕಂಪ್ರೆಸರಿನಲ್ಲಿ ಟಿಲ್ಟಿಂಗ್ ಪ್ಯಾಡ್ ಥ್ರಸ್ಟ್ ಬೇರಿಂಗ್ (ರೋಲರ್ ಇಲ್ಲ, ಓಲಾಡುವ ಪ್ಯಾಡ್ ತುಂಡುಗಳ ಮೇಲೆ ಎಣ್ಣೆ ಪದರ). ಆಕ್ಟಿವ್ ಬದಿಯ (ನೂಕು ಬೀಳುವ ಕಡೆಯ) ಪ್ಯಾಡ್ ಉಷ್ಣತೆ ಮೂರು ತಿಂಗಳಲ್ಲಿ 86ರಿಂದ 97ಕ್ಕೆ ಏರಿದೆ. ಲೋಡ್ ಅದೇ, ಒಳಬರುವ ಎಣ್ಣೆ 46 ಡಿಗ್ರಿ, ಅದೂ ಬದಲಾಗಿಲ್ಲ. ಶಾಫ್ಟ್ ಪೊಸಿಷನ್ 0.08 ಮಿ.ಮೀ. ಆಕ್ಟಿವ್ ಕಡೆಗೆ ಸರಿದಿದೆ. ಬೇರಿಂಗ್ ತೆರೆಯಲೇ?

ಎಣ್ಣೆ ಪದರ:
ಕೊನೆಗೂ ನನ್ನ ವಿಷಯ ಬಂತು.

ತೆರೆಯುವ ಮೊದಲು ಬ್ಯಾಲೆನ್ಸ್ ಲೈನಿನ (ಬ್ಯಾಲೆನ್ಸ್ ಪಿಸ್ಟನ್ ಹಿಂಬದಿಯಿಂದ ಸಕ್ಷನ್ ಕಡೆಗೆ ಹೋಗುವ ಕೊಳವೆ) ಡಿಫರೆನ್ಷಿಯಲ್ ಪ್ರೆಷರ್ (ಡಿಪಿ, ಒತ್ತಡದ ವ್ಯತ್ಯಾಸ) ದಾಖಲೆ ತೆಗೆಯಿರಿ. ಕಂಪ್ರೆಸರಿನಲ್ಲಿ ಇಂಪೆಲ್ಲರ್‌ಗಳ ನೂಕಿನ ಬಹುಪಾಲನ್ನು ಬ್ಯಾಲೆನ್ಸ್ ಪಿಸ್ಟನ್ ತಿಂದುಹಾಕುತ್ತದೆ, ಬೇರಿಂಗಿಗೆ ಉಳಿಯುವುದು ಮಿಕ್ಕಿದ್ದು. ಪಿಸ್ಟನ್ನಿನ ಲ್ಯಾಬಿರಿಂತ್ (ಸೋರಿಕೆ ತಡೆಯುವ ಸೀಲ್) ಸವೆದರೆ ಸೋರಿಕೆ ಹೆಚ್ಚಿ, ಪಿಸ್ಟನ್ ಹಿಂಬದಿಯ ಒತ್ತಡ ಏರಿ, ಅದು ತಿನ್ನುವುದು ಕಡಿಮೆಯಾಗುತ್ತದೆ. ಆ ಪಾಲೂ ಬೇರಿಂಗಿಗೇ ಬರುತ್ತದೆ. ಎಲ್ಲ ಹಾಗೇ ಇದ್ದು ಪ್ಯಾಡ್ ಮಾತ್ರ ನಿಧಾನಕ್ಕೆ ಬಿಸಿಯಾಗುತ್ತಿದೆ ಎಂದರೆ ನನ್ನ ಮೊದಲ ಅನುಮಾನ ಅದರ ಮೇಲೆ. ಪ್ಯಾಡ್ ಬದಲಿಸಿದರೆ ಹೊಸ ಪ್ಯಾಡೂ ಬಿಸಿಯಾಗುತ್ತದೆ ಅಷ್ಟೇ. 0.08 ಸರಿದದ್ದಕ್ಕೆ ಸವೆತವೇ ಕಾರಣ ಅನ್ನಬೇಡಿ. ಹೊರೆ ಹೆಚ್ಚಿದಾಗ ಲೆವೆಲಿಂಗ್ ಪ್ಲೇಟ್, ಪಿವಟ್ ಎಲ್ಲ ಸೇರಿ ಅಷ್ಟು ಬಾಗುವುದುಂಟು.

97ಕ್ಕೆ ಗಾಬರಿ ಬೇಡ. ಪ್ಯಾಡಿನ ಮುಖದ ಮೇಲಿರುವ ತವರದ ಬ್ಯಾಬಿಟ್ (ಮೆತು ಮಿಶ್ರಲೋಹ) ಕರಗತೊಡಗುವುದು 240 ಡಿಗ್ರಿ ಹತ್ತಿರ. ಆದರೆ ಅದಕ್ಕೆ ಬಹಳ ಮೊದಲೇ ಮೆತ್ತಗಾಗಿ ಎಣ್ಣೆ ಒತ್ತಡಕ್ಕೆ ಹರಿದಾಡುತ್ತದೆ, ಅದಕ್ಕೇ ಅಲಾರಂ 115–120, ಟ್ರಿಪ್ 130ರ ಆಸುಪಾಸಿನಲ್ಲಿ ಇಡುತ್ತಾರೆ. ಆರ್‌ಟಿಡಿ (ಉಷ್ಣತೆ ಅಳೆಯುವ ಸೆನ್ಸರ್) ಎಲ್ಲಿದೆ ಎಂಬುದೂ ಮುಖ್ಯ. ಎಣ್ಣೆ ಒಳಬರುವ ಅಂಚಿನಿಂದ ಶೇಕಡಾ 75, ಒಳ ಅಂಚಿನಿಂದ ಹೊರಕ್ಕೆ ಶೇಕಡಾ 75, ಪ್ಯಾಡಿನ ಸುಡುಜಾಗ ಅದು. ಅಲ್ಲಿಲ್ಲದ ಆರ್‌ಟಿಡಿ ತೋರಿಸುವ 97ಕ್ಕೂ ಅಲ್ಲಿರುವುದು ತೋರಿಸುವ 97ಕ್ಕೂ ಅಜಗಜಾಂತರ.

ಈ ಬೇರಿಂಗ್ ಬಗ್ಗೆ ನನಗೆ ಒಂದು ಥರ ಭಕ್ತಿ, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಡದವರು ದಾಟಿಸಿ. 1883ರಲ್ಲಿ ಬ್ಯೂಚಾಂಪ್ ಟವರ್ ಎಂಬುವರು ಇಂಗ್ಲೆಂಡಿನಲ್ಲಿ ರೈಲಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದಾಗ ಬೇರಿಂಗಿನ ನೆತ್ತಿಗೆ ಒಂದು ತೂತು ಕೊರೆದರು. ಅಲ್ಲಿಂದ ಎಣ್ಣೆ ಉಕ್ಕತೊಡಗಿತು. ಬೆಣೆ ಹೊಡೆದು ಮುಚ್ಚಿದರು, ಬೆಣೆಯನ್ನೇ ಎಣ್ಣೆ ಹೊರಕ್ಕೆ ದಬ್ಬಿತು. ಗೇಜ್ ಕೂರಿಸಿದರೆ ಹೊರೆಯ ಸರಾಸರಿ ಒತ್ತಡದ ಎರಡು ಪಟ್ಟಿಗೂ ಮೀರಿ ಮುಳ್ಳು ಓಡಿತು. ಲೋಹದ ಮೇಲೆ ಲೋಹ ಕೂತಿಲ್ಲ, ನಡುವಿನ ಎಣ್ಣೆಯೇ ಹೊರೆ ಹೊತ್ತಿದೆ ಎಂದು ಗೊತ್ತಾದದ್ದು ಹಾಗೆ. 1886ರಲ್ಲಿ ಓಸ್ಬೋರ್ನ್ ರೆನಾಲ್ಡ್ಸ್ ಅದಕ್ಕೆ ಗಣಿತ ಬರೆದರು. ಎಣ್ಣೆ ಅಗಲದಿಂದ ಕಿರಿದಿಗೆ ನುಗ್ಗುವ ಬೆಣೆಯಾಗಬೇಕು. ರೇಡಿಯಲ್ ಬೇರಿಂಗಿನಲ್ಲಿ ಶಾಫ್ಟ್ ಒಂದು ಬದಿಗೆ ವಾಲುವುದರಿಂದ ಬೆಣೆ ತಾನೇ ಆಗುತ್ತದೆ. ಚಪ್ಪಟೆ ಥ್ರಸ್ಟ್ ಕಾಲರಿನಲ್ಲಿ ಆಗುವುದಿಲ್ಲ. ಅದಕ್ಕೇ ಹಳೆಯ ಹಡಗುಗಳಲ್ಲಿ ಪ್ರೊಪೆಲ್ಲರ್ ನೂಕು ತಡೆಯಲು ಒಂದರ ಹಿಂದೊಂದು ಕಾಲರ್ ಸಾಲು ಬೇಕಿತ್ತು.

ಆಸ್ಟ್ರೇಲಿಯಾದ ಮಿಚೆಲ್, ಅಮೆರಿಕದ ಕಿಂಗ್ಸ್‌ಬರಿ ಇಬ್ಬರೂ ಬೇರೆ ಬೇರೆಯಾಗಿ ಒಂದೇ ಉಪಾಯ ಕಂಡರು. ಮುಖವನ್ನು ತುಂಡು ಮಾಡಿ, ಪ್ರತಿ ತುಂಡೂ ಪಿವಟ್ ಮೇಲೆ ಓಲಾಡಲು ಬಿಡುವುದು. ಎಷ್ಟು ಓರೆ ಬೇಕೋ ಅಷ್ಟನ್ನು ಎಣ್ಣೆಯೇ ಮಾಡಿಕೊಳ್ಳುತ್ತದೆ. ಮಿಚೆಲ್‌ಗೆ 1905ರಲ್ಲಿ ಪೇಟೆಂಟ್, ಕಿಂಗ್ಸ್‌ಬರಿಗೆ 1910ರಲ್ಲಿ. ಪೆನ್ಸಿಲ್ವೇನಿಯಾದ ಹೋಲ್ಟ್‌ವುಡ್ ಜಲವಿದ್ಯುತ್ ಕೇಂದ್ರದಲ್ಲಿ ರೋಲರ್ ಬೇರಿಂಗ್‌ಗಳು ಬಾಳದೆ 1912ರಲ್ಲಿ ಕಿಂಗ್ಸ್‌ಬರಿಯವರದನ್ನು ಕೂರಿಸಿದರು, ಅದು ದಶಕಗಳ ಕಾಲ ಓಡಿತು. ಓಡುವಾಗ ಪ್ಯಾಡಿಗೂ ಕಾಲರಿಗೂ ನಡುವೆ ಇರುವುದು ಕೂದಲೆಳೆಗಿಂತ ತೆಳುವಾದ ಎಣ್ಣೆ, ಕೆಲವು ಹತ್ತು ಮೈಕ್ರಾನ್. ಅದರ ಮೇಲೆ ನೂರಾರು ಟನ್. ನನಗೆ ಇದು ಇವತ್ತಿಗೂ ಪವಾಡ.

ಕಂಪ್ರೆಸರ್ ಕಿವಿ:
ಬ್ಯಾಲೆನ್ಸ್ ಲೈನ್ ಟ್ರೆಂಡ್ ತೆಗೆದೆ. ನೀವು ಹೇಳಿದ ಹಾಗೆಯೇ ಡಿಪಿ ನಿಧಾನಕ್ಕೆ ಏರುತ್ತಾ ಬಂದಿದೆ, ಪ್ಯಾಡ್ ಉಷ್ಣತೆಯ ಗೆರೆ ಅದರ ಮೇಲೆ ಇಟ್ಟರೆ ಅಣ್ಣ ತಮ್ಮಂದಿರ ಹಾಗಿವೆ. ಮುಂದಿನ ಶಟ್‌ಡೌನ್‌ವರೆಗೆ ಓಡಿಸಬಹುದೇ?

ಎಣ್ಣೆ ಪದರ:
ಎಪಿಐ 617 (ಕಂಪ್ರೆಸರ್‌ಗಳ ಮಾನದಂಡ) ಪ್ರಕಾರ ಕೊಂಡ ಯಂತ್ರವಾದರೆ, ತಯಾರಕರು ಹೇಳುವ ಪರಮಾವಧಿ ಹೊರೆಯ ಅರ್ಧಕ್ಕಿಂತ ಹೆಚ್ಚು ಬೀಳದಂತೆ ಥ್ರಸ್ಟ್ ಬೇರಿಂಗ್ ಆರಿಸಿರುತ್ತಾರೆ. ಆ ಅಂತರ ಇರುವುದು ಇಂಥ ದಿನಕ್ಕೇ. ಏರಿಕೆ ಹೀಗೇ ನಿಧಾನವಾಗಿದ್ದರೆ ಕಣ್ಣಿಟ್ಟು ಓಡಿಸಿ, ಸರ್ಜ್ (ಹರಿವು ಸಾಲದೆ ಗಾಳಿ ಹಿಮ್ಮುಖ ನುಗ್ಗುವುದು) ಆಗದಂತೆ ನೋಡಿಕೊಳ್ಳಿ, ಸರ್ಜಿನಲ್ಲಿ ನೂಕು ಹಿಂದೆ ಮುಂದೆ ಬಡಿಯುತ್ತದೆ. ಪೊಸಿಷನ್ ಪ್ರೋಬ್ ಎರಡೂ ಕೆಲಸ ಮಾಡುತ್ತಿವೆಯೇ ನೋಡಿ. ಟ್ರಿಪ್‌ಗೆ ಎರಡೂ ಒಪ್ಪಬೇಕು, ಒಂದು ಸತ್ತಿದ್ದರೆ ಏನಾಗುತ್ತದೆ ಎಂದು ನಿಮ್ಮ ಸಿಸ್ಟಂನಲ್ಲಿ ಖಚಿತ ಮಾಡಿಕೊಳ್ಳಿ. ಶಟ್‌ಡೌನ್ ಪಟ್ಟಿಗೆ ಲ್ಯಾಬಿರಿಂತ್ ಈಗಲೇ ಬರೆಸಿ.

ಜೋಡಿಸುವಾಗ ಒಂದು ಎಚ್ಚರ: ಆಫ್‌ಸೆಟ್ ಪಿವಟ್ (ಪಿವಟ್ ನಡುವಿನಿಂದ ಪಕ್ಕಕ್ಕೆ ಸರಿದಿರುವ) ಪ್ಯಾಡ್ ಆಗಿದ್ದರೆ ತಿರುಗುವ ದಿಕ್ಕು ನೋಡಿ ಹಾಕಿ. ಶೇಕಡಾ 60ರ ಪಿವಟ್ ತಣ್ಣಗೆ ಓಡುತ್ತದೆ, ತಿರುಗಿಸಿ ಹಾಕಿದರೆ ಅದೇ 40 ಆಗುತ್ತದೆ. ಒಮ್ಮೆ ನಾನೇ ಎಡ ಬಲ ಸೆಟ್ ಅದಲುಬದಲು ಮಾಡಿ, ಬಿಸಿ ಏಕೆಂದು ಎರಡು ದಿನ ಎಣ್ಣೆ ಕೂಲರ್ ತೊಳೆಸಿದ್ದೆ.

ಪಂಪ್‌ಮನೆ ರಾತ್ರಿಪಾಳಿ:
ಕ್ಷಮಿಸಿ, ಐದು ದಿನ ತಡವಾಯಿತು. ಮೋಟಾರಿನ ಮೇಲ್ತುದಿ ಬಿಚ್ಚಿಸಿದೆವು.

ಫಿಟ್ಟರ್ ಅಣ್ಣಾ, ಕೈ ಮುಗಿದೆ. ಹೌಸಿಂಗ್ ತಳದಲ್ಲಿ ಸುತ್ತ 12 ಗುಳಿಗಳಿವೆ. ಒಂದರಲ್ಲೂ ಸ್ಪ್ರಿಂಗ್ ಇಲ್ಲ. ಮೇಲೆ ಅಂದವಾಗಿ ಲೇತ್ ಹಿಡಿದ ಒಂದು ಉಕ್ಕಿನ ಉಂಗುರ ಕೂರಿಸಿ, ಅದರ ಮೇಲೆ ಹೌಸಿಂಗ್ ವಾಷರ್ ಇಟ್ಟಿದ್ದಾರೆ. ರಿವೈಂಡಿಂಗ್ ಮಾಡಿದವರಿಗೆ ಫೋನ್ ಮಾಡಿದೆ. ಅವರು ಮುಚ್ಚಿಡಲಿಲ್ಲ. ರಿವೈಂಡ್ ಆದ ಮೇಲೆ ಪಂಪ್ ಇಲ್ಲದೆ ಮೋಟಾರ್ ಒಂದನ್ನೇ ನಾಲ್ಕು ತಾಸು ಓಡಿಸಿ ನೋಡಿದರಂತೆ, ಗೈಡ್ ಬೇರಿಂಗ್ ಕೈ ಇಡಲಾರದಷ್ಟು ಬಿಸಿಯಾಯಿತಂತೆ. ಸ್ಪ್ರಿಂಗ್ ತೆಗೆದು ಉಂಗುರ ಹಾಕಿದರೆ ತಣ್ಣಗಾಯಿತು, ‘ಸರಿ ಮಾಡಿ ಕಳಿಸಿದೆವು’ ಅಂದರು.

ವಾಲ್ವ್ ಬಗ್ಗೆ ಕೇಳಿದ್ದಿರಿ: ಪೂರ್ತಿ ತೆರೆದೇ ಸ್ಟಾರ್ಟ್ ಮಾಡುತ್ತೇವೆ. ಮೊದಲು ಹಾಗಿರಲಿಲ್ಲ, ವಾಲ್ವಿನ ಆಕ್ಚುಯೇಟರ್ ಕೆಟ್ಟ ಮೇಲೆ ಹಾಗೇ ರೂಢಿಯಾಯಿತು.

ಡ್ರಾಯಿಂಗ್‌ಬೋರ್ಡ್:
ಪಾಪ, ಅವರ ದೃಷ್ಟಿಯಲ್ಲಿ ಅದು ಸರಿಯೇ. ಪಂಪ್ ಇಲ್ಲದಾಗ ಕೆಳಮುಖ ನೂಕು ಇಲ್ಲ, ಪಂಪ್ ಶಾಫ್ಟಿನ ತೂಕವೂ ಇಲ್ಲ. 12 ಸ್ಪ್ರಿಂಗ್‌ಗಳೂ ರೋಟರನ್ನು ಮೇಲಕ್ಕೆತ್ತಿ ಗೈಡ್ ಬೇರಿಂಗಿಗೆ ಒತ್ತುತ್ತವೆ. ಬಿಸಿಯಾಗದೆ ಇನ್ನೇನು? ಇಂಥ ಮೋಟಾರನ್ನು ಬಿಡಿಯಾಗಿ ಓಡಿಸುವುದಾದರೆ ತಿರುಗುವ ದಿಕ್ಕು ನೋಡುವಷ್ಟು, ತಯಾರಕರು ಒಪ್ಪಿದ ಕೆಲವು ನಿಮಿಷ. ತಾಸುಗಟ್ಟಲೆ ಅಲ್ಲ.

ಹಳೇ ಫಿಟ್ಟರ್:
ಸ್ಪ್ರಿಂಗ್ ಊಹೆಯಲ್ಲಿ ಹಾಕಬೇಡ ತಮ್ಮಾ. ತಂತಿಯ ದಪ್ಪ, ಬಿಡುಗಡೆ ಉದ್ದ, ಎಷ್ಟು ಒತ್ತಿದರೆ ಎಷ್ಟು ಬಲ, ಎಲ್ಲ ಮೋಟಾರ್ ತಯಾರಕರಿಂದ ತರಿಸು. ಓಡುವಾಗಿನ ಹೊರೆಗೆ ಪೂರ್ತಿ ಕುಗ್ಗಿ ವಾಷರ್ ತಳ ಮುಟ್ಟಬೇಕು, ರೋಟರ್ ಎದ್ದಾಗ ಹಿಂಬಾಲಿಸಬೇಕು. ರೋಟರ್ ಎಷ್ಟು ಏಳಬಹುದು ಎಂಬುದನ್ನು ಗೈಡ್ ಬೇರಿಂಗ್ ನಿರ್ಧರಿಸುತ್ತದೆ. ಜೋಡಿಸಿದ ಮೇಲೆ ಶಾಫ್ಟ್ ತುದಿಗೆ ಡಯಲ್ ಗೇಜ್ ಹಿಡಿದು, ಜ್ಯಾಕಿನಲ್ಲಿ ಎತ್ತಿ ಇಳಿಸಿ, ಡ್ರಾಯಿಂಗಿನ ಅಂಕಿಗೆ ತಾಳೆ ನೋಡು. ಹಳೆಯ ಬೇರಿಂಗಿನ ಪುಡಿ ಹೌಸಿಂಗ್ ಮೂಲೆಯಲ್ಲಿ ಕೂತಿರುತ್ತದೆ, ಎಣ್ಣೆ ಬದಲಿಸಿದರೆ ಸಾಲದು, ಬಟ್ಟೆ ಹಾಕಿ ಒರೆಸು. ದಾರ ಬಿಡುವ ಬನಿಯನ್ ವೇಸ್ಟ್ ಬೇಡ.

ವಾಲ್ವ್ ಮೊದಲು ಹೇಗಿತ್ತೋ ಹಾಗೇ ಮಾಡಿ. ಸ್ವಲ್ಪ ತೆರೆದು ಸ್ಟಾರ್ಟ್, ಒತ್ತಡ ಏರಿದ ಮೇಲೆ ನಿಧಾನಕ್ಕೆ ಪೂರ್ತಿ. ಏರ್ ವಾಲ್ವ್ ಗಾಳಿಯನ್ನು ಒಮ್ಮೆಲೇ ಬಿಟ್ಟರೆ ಕಾಲಮ್ ಬಡಿದುಕೊಂಡು ತುಂಬುತ್ತದೆ, ಅದನ್ನೂ ನೋಡು.

ಎಣ್ಣೆ ಪದರ:
ಓದುವ ಬೇರೆಯವರಿಗಾಗಿ: ವಾಲ್ವ್ ಮುಚ್ಚಿ ಸ್ಟಾರ್ಟ್ ಮಾಡುವುದು ಎಲ್ಲ ವರ್ಟಿಕಲ್ ಪಂಪಿಗೂ ಹೊಂದುವುದಿಲ್ಲ. ಆಕ್ಸಿಯಲ್ ಫ್ಲೋ ಪಂಪಿನಲ್ಲಿ ಹರಿವು ನಿಂತಾಗಲೇ ಪವರ್ ಅತಿ ಹೆಚ್ಚು, ಮೋಟಾರ್ ಓವರ್‌ಲೋಡಿಗೆ ಹೋಗುತ್ತದೆ. ಅವರವರ ಪಂಪಿನ ಕರ್ವ್ ನೋಡಿ.

ಸ್ಪ್ಯಾನರ್ ಸರದಾರ:
ಸೋತೆ. ಆದರೆ ಒಂದು ಮಾತು, ದಪ್ಪ ಎಣ್ಣೆ ಹಾಕಿದ್ದರೆ ಒರೆಸುವುದು ಕಡಿಮೆಯಾಗುತ್ತಿತ್ತು ತಾನೇ?

ಡ್ರಾಯಿಂಗ್‌ಬೋರ್ಡ್:
ಪದರ ದಪ್ಪ ಆಗುತ್ತದೆ ನಿಜ. ಆದರೆ ದಪ್ಪ ಎಣ್ಣೆ ರೋಲರನ್ನು ಹಿಡಿದೆಳೆಯುತ್ತದೆ, ಉರುಳಿಸಲು ಇನ್ನೂ ಹೆಚ್ಚು ಒತ್ತಡ ಬೇಕು. ತಣ್ಣಗಿರುವಾಗಿನ ಸ್ಟಾರ್ಟಿನಲ್ಲಂತೂ ತೊಂದರೆ ಹೆಚ್ಚು. ಅರ್ಧ ಅಂಕ ಕೊಡುತ್ತೇನೆ.

ಪಂಪ್‌ಮನೆ ರಾತ್ರಿಪಾಳಿ:
ಮೂರು ತಿಂಗಳ ನಂತರದ ಅಪ್‌ಡೇಟ್. ತಯಾರಕರಿಂದ ಬಂದ 12 ಸ್ಪ್ರಿಂಗ್, ಅದೇ 29420. ವಾಲ್ವಿನ ಆಕ್ಚುಯೇಟರ್ ರಿಪೇರಿ ಆಗಿದೆ. ಸ್ಟಾರ್ಟಿನಲ್ಲಿ ಗರಗರ ಇಲ್ಲ. ಎಣ್ಣೆ 66–67 ಡಿಗ್ರಿ, ಸ್ಯಾಂಪಲ್‌ನಲ್ಲಿ ಬಣ್ಣ ಜೇನಿನಂತೆಯೇ ಇದೆ. ತೆಗೆದ ಉಂಗುರವನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಬೋರಿಂಗ್ ಆರ್ಡರ್ ರದ್ದಾಯಿತು, ಆದರೆ ಅದರ ಜೊತೆ ತರಿಸಿದ್ದ 29424 ಸ್ಟೋರಿನಲ್ಲಿ ಕೂತಿದೆ, ಕೇಳುವವರಿಲ್ಲ.

ಸ್ಟ್ಯಾಂಡ್‌ಬೈ ಪಂಪಿನ ಮೋಟಾರೂ ಇದೇ ಮಾದರಿ, ನಾಲ್ಕು ತಿಂಗಳಿಂದ ನಿಂತಿದೆ. ಅದರ ಬೇರಿಂಗಿಗೆ ಏನಾದರೂ ಮಾಡಬೇಕೇ?

ಹಳೇ ಫಿಟ್ಟರ್:
ಪಕ್ಕದ ಪಂಪ್ ಓಡುತ್ತಿದ್ದರೆ ಅದು ನಿಂತಲ್ಲೇ ಅದುರುತ್ತಿರುತ್ತದೆ. ತಿಂಗಳಿಗೊಮ್ಮೆ ಕೈಯಲ್ಲಿ ನಾಲ್ಕೈದು ಸುತ್ತು ತಿರುಗಿಸಿ, ಹಿಂದೆ ನಿಂತ ಜಾಗಕ್ಕಿಂತ ಬೇರೆ ಕಡೆ ನಿಲ್ಲಿಸು. ಕಪ್ಲಿಂಗ್ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕಿಕೋ. ಆದರೆ ಅದಕ್ಕೂ ಮೊದಲು ಮೇಲ್ತುದಿ ಬಿಚ್ಚಿ ನೋಡು, ಆ ಮೋಟಾರೂ ಅದೇ ರಿವೈಂಡಿಂಗ್‌ಗೆ ಹೋಗಿ ಬಂದಿತ್ತೇ?

ಪಂಪ್‌ಮನೆ ರಾತ್ರಿಪಾಳಿ:
ಹೋಗಿತ್ತು. ನಾಳೆಯೇ ಬಿಚ್ಚುತ್ತೇನೆ.